ಇನ್ನೊಂದು ವರ್ಷ ಕುರ್ಚಿ ಬಿಡಬೇಡಿ, ಸಾಹೇಬ್ರೇ

ಪ್ರಶ್ನೆ: ಮೇಡಂ, ನನಗೆ 45 ವರ್ಷ. ದಾವಣಗೆರೆಯಲ್ಲಿ ಸರ್ಕಾರಿ ಬ್ಯಾಂಕೊಂದರಲ್ಲಿ ಸೀನಿಯರ್ ಮ್ಯಾನೇಜರ್. ಸರ್ವಿಸ್ 19 ವರ್ಷ 3 ತಿಂಗಳು. ಕೈಗೆ ಬರೋ ಸಂಬಳ ಒಂದು ಲಕ್ಷದ ಆಸುಪಾಸು. ಕಾಲೇಜಿನ ದಿನಗಳಿಂದ ಮೈಕು ಅಂದರೆ ಇಷ್ಟ. ಕಳೆದ ಎರಡು ವರ್ಷದಲ್ಲಿ ಗಣೇಶೋತ್ಸವ, ರಾಜ್ಯೋತ್ಸವ, ಕಾಲೇಜು, ಸೊಸೈಟಿ ಅಂತ 41 ಕಡೆ ಮಾತಾಡಿದ್ದೇನೆ. ಸೈಬರ್ ವಂಚನೆ, ಸಾಲ, ಉಳಿತಾಯದ ಬಗ್ಗೆ ನಗಿಸುತ್ತಾ ಹೇಳುತ್ತೇನೆ. ಒಂದು ವಿಡಿಯೊ 4 ಲಕ್ಷ ವ್ಯೂಸ್ ದಾಟಿದೆ. ಆರು ಕಡೆ ಸಂಭಾವನೆ ಕೊಟ್ಟರು: 25,000, 20,000, 15,000, ಎರಡು ಸಲ 10,000, ಒಮ್ಮೆ 8,000. ಅದನ್ನು ನಮ್ಮ ಮನೆಯವರ ಖಾತೆಗೆ ಹಾಕಿಸಿದ್ದೇನೆ. ಬ್ಯಾಂಕಿನ ಟಾರ್ಗೆಟ್ ಸಾಕಾಗಿಹೋಗಿದೆ. ರಾಜೀನಾಮೆ ಕೊಟ್ಟು ಪೂರ್ತಿ ಭಾಷಣಕ್ಕೇ ಇಳಿಯಬಹುದಾ? ವಂಚನೆ, ಸಾಲ ಬಿಟ್ಟು ‘ಬದುಕು ಬದಲಿಸುವ’ ಮಾತುಗಳ ಕಡೆ ಹೊರಳಬೇಕು ಅಂತ ಆಸೆ. ಮಗಳು ಸೆಕೆಂಡ್ ಪಿಯುಸಿ, ಮಗ ಏಳನೇ ಕ್ಲಾಸು, ಹೌಸಿಂಗ್ ಲೋನ್ ಇನ್ನೂ ಇದೆ. ಮನೆಯವರು ಬೇಡ ಅಂತಿದ್ದಾರೆ. ಮುಂದಿನ ತಿಂಗಳು ರಾಣೆಬೆನ್ನೂರಿನ ಒಂದು ಸಂಘದವರು ಕರೆದಿದ್ದಾರೆ, ‘ನಿಮ್ಮದು ಎಷ್ಟು ಸಾರ್?’ ಅಂತ ಕೇಳಿದ್ದಾರೆ. ಏನು ಹೇಳಲಿ?

ಉತ್ತರ: ಸಾಹೇಬ್ರೇ, ಪತ್ರ ಓದುವಾಗ ನನ್ನ ಕಣ್ಣು ಆ 4 ಲಕ್ಷದ ಮೇಲೆ ನಿಲ್ಲಲಿಲ್ಲ. 19 ವರ್ಷ 3 ತಿಂಗಳು ಅನ್ನೋ ಕಡೆ ನಿಂತುಬಿಟ್ಟಿತು. ಭಾಷಣದ ಮಾತು ಆಮೇಲೆ. ಮೊದಲು ಅದನ್ನು ನೋಡೋಣ.

ನೀವು 2010ರ ಏಪ್ರಿಲ್‌ಗೂ ಮೊದಲು ಬ್ಯಾಂಕ್ ಸೇರಿದವರು. ಅಂದರೆ ಹಳೇ ಪಿಂಚಣಿಯವರು, ಆಮೇಲೆ ಬಂದವರ ಹಾಗೆ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಅಲ್ಲ. 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮದಲ್ಲಿ ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಅಜಗಜಾಂತರ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಯಿತು, ಪಿಂಚಣಿ ಇಲ್ಲ. ಅದೇ 20 ವರ್ಷದ ಅರ್ಹ ಸೇವೆ (ಪಿಂಚಣಿ ಲೆಕ್ಕಕ್ಕೆ ಬರೋ ಸೇವೆ) ಮುಗಿಸಿ, ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬಂದರೆ ಬದುಕಿರೋವರೆಗೂ ಪಿಂಚಣಿ. ಪೂರ್ತಿ ಪಿಂಚಣಿಗೆ 33 ವರ್ಷ ಬೇಕು. ನಿಮಗೆ ಆ ಲೆಕ್ಕದಲ್ಲಿ ಕಡಿಮೆ ಬರುತ್ತದೆ, ಸರಿ. ಆದರೆ ಆಷಾಢದಲ್ಲಿ ಒಂದೂ ಪ್ರೋಗ್ರಾಂ ಇಲ್ಲದೆ ಮನೇಲಿ ಕೂತಾಗ ಆ ಕಡಿಮೆಯೇ ಅಕ್ಕಿ ಬೇಳೆ ತರುತ್ತದೆ.

ನಿಮಗೆ ಬೇಕಿರೋದು ಇನ್ನು ಒಂಬತ್ತು ತಿಂಗಳು, ಆಮೇಲೆ ನೋಟಿಸಿನ ಮೂರು ತಿಂಗಳು. ಒಟ್ಟು ಒಂದು ವರ್ಷ. ಈ ಒಂದು ವರ್ಷಕ್ಕೆ ತಾಳ್ಮೆ ತಪ್ಪಿದರೆ ಜೀವನಪೂರ್ತಿಯ ಪಿಂಚಣಿ ಕೈಬಿಟ್ಟ ಹಾಗೆ. ಮಧ್ಯೆ ಎಲ್ಲಾದರೂ ವೇತನವಿಲ್ಲದ ರಜೆ ಹಾಕಿದ್ದರೆ ಆ ದಿನಗಳು ಅರ್ಹ ಸೇವೆಗೆ ಸೇರದೇ ಹೋಗಬಹುದು. ಹಾಗಾಗಿ ‘ನನ್ನ ಅರ್ಹ ಸೇವೆ ಯಾವ ತಾರೀಖಿಗೆ 20 ವರ್ಷ ತುಂಬುತ್ತದೆ’ ಅಂತ ಎಚ್‌ಆರ್‌ನವರಿಂದ ಬರಹದಲ್ಲಿ ತರಿಸಿಕೊಳ್ಳಿ. ಬಾಯಿಮಾತು ಬೇಡ. ಸ್ಟಾಫ್ ರೇಟಿನ ಹೌಸಿಂಗ್ ಲೋನ್ ಹೊರಗೆ ಬಂದ ಮೇಲೆ ಯಾವ ಬಡ್ಡಿಗೆ ಹೋಗುತ್ತದೆ ಅನ್ನೋದನ್ನೂ ಅದೇ ಪತ್ರದಲ್ಲಿ ಕೇಳಿ. ಗಿರಾಕಿಗೆ ನೀವು ಇದನ್ನೇ ಹೇಳುತ್ತಿದ್ದಿರಿ. ನಿಮ್ಮ ವಿಷಯಕ್ಕೆ ಬಂದಾಗ ಮರೆತಿರಿ, ಅಷ್ಟೇ.

ನಾನೇನೂ ಜಾಣೆಯಲ್ಲ. ವಿಮಾ ಕಂಪನಿಯೊಂದರ ತರಬೇತಿ ವಿಭಾಗದಲ್ಲಿ 12 ವರ್ಷ ಇದ್ದು, 2008ರ ಜೂನ್‌ನಲ್ಲಿ ಕೆಲಸ ಬಿಟ್ಟೆ. ನಾಲ್ಕು ಕಂಪನಿಗಳು ‘ಮೇಡಂ, ನೀವು ಹೊರಗೆ ಬನ್ನಿ, ಕೆಲಸ ನಾವು ಕೊಡ್ತೀವಿ’ ಅಂದಿದ್ದವು. ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ದೊಡ್ಡ ಬ್ಯಾಂಕೊಂದು ಮುಳುಗಿತು. ಮೈಸೂರಿನ ನನ್ನ ಡೈರಿಯಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಖಾಲಿ ಹಾಳೆ. ಕಂಪನಿಗೆ ಕಷ್ಟ ಬಂದಾಗ ಮೊದಲು ನಿಲ್ಲೋದು ಟ್ರೈನಿಂಗ್ ಖರ್ಚು. ಆಮೇಲೆ 2020ರ ಮಾರ್ಚ್‌ನಲ್ಲಿ ಇಡೀ ದೇಶದ ವೇದಿಕೆಗಳೇ ಬಂದ್ ಆದವು. 18 ವರ್ಷದಲ್ಲಿ ಎರಡು ಸಲ ಹೀಗಾಯಿತು. ಎರಡನೇ ಸಲ ನನ್ನ ಹತ್ತಿರ ಹತ್ತು ತಿಂಗಳ ಮನೆ ಖರ್ಚು ಪಕ್ಕಕ್ಕಿತ್ತು, ಹಾಗಾಗಿ ನಿದ್ದೆ ಬಂತು. ಮೊದಲನೇ ಸಲದ ಕತೆ ಬೇಡ ಬಿಡಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 41 ಕಾರ್ಯಕ್ರಮ, ಆರಕ್ಕೆ ದುಡ್ಡು, ಒಟ್ಟು 88,000. ನೀವು ಇದನ್ನು ‘ಶುರುವಾಗಿದೆ’ ಅಂತ ಓದುತ್ತಿದ್ದೀರಿ. ನಾನು ಬೇರೆ ಥರ ಓದುತ್ತೇನೆ. ಆ ಆರು ಜನ ಯಾರು, ಏನು ಕೇಳಿದರು? ನೀವು ಪತ್ರದ ಜೊತೆ ಕಳಿಸಿದ ಪಟ್ಟಿ ಪ್ರಕಾರ ಬೆಂಗಳೂರಿನ ಕಂಪನಿ 25,000 ಕೊಟ್ಟಿದ್ದು ಸೈಬರ್ ವಂಚನೆ ಬಗ್ಗೆ ಮಾತಾಡಿದ್ದಕ್ಕೆ. ಸಹಕಾರ ಸಂಘದವರ 20,000 ಸಾಲ ವಸೂಲಿ ವಿಷಯಕ್ಕೆ. ಇಂಜಿನಿಯರಿಂಗ್ ಕಾಲೇಜಿನ 15,000 ಮತ್ತೆ ವಂಚನೆಗೇ. ‘ಬದುಕು ಬದಲಿಸುವ ಮಾತು’ಗಳಿಗೆ ಸಿಕ್ಕಿದ್ದು ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ.

ಚಪ್ಪಾಳೆ ಹೊಡೆಯೋರು ಬೇರೆ, ಚೆಕ್ ಬರೆಯೋರು ಬೇರೆ. ಇದು ಅರ್ಥವಾಗದೆ ನಮ್ಮಲ್ಲಿ ತುಂಬ ಜನ ಕೆಲಸ ಬಿಟ್ಟು ಕೈಸುಟ್ಟುಕೊಂಡಿದ್ದಾರೆ. ಸಭೆಯಲ್ಲಿ ಕೂತವರಿಗೆ ನಿಮ್ಮ ಮಾತು ಇಷ್ಟವಾದರೆ ಸಾಕು. ಚೆಕ್ ಬರೆಯೋ ಎಚ್‌ಆರ್ ಮ್ಯಾನೇಜರಿಗೆ, ಪ್ರಿನ್ಸಿಪಾಲರಿಗೆ, ಸಂಘದ ಕಾರ್ಯದರ್ಶಿಗೆ ಒಂದು ತಲೆನೋವು ಇರುತ್ತದೆ. ನೌಕರರು ‘ಡಿಜಿಟಲ್ ಅರೆಸ್ಟ್’ ಕರೆ ನಂಬಿ ದುಡ್ಡು ಕಳಕೊಳ್ಳುತ್ತಿದ್ದಾರೆ. ಹುಡುಗರು ಲೋನ್ ಆ್ಯಪ್‌ಗಳಿಗೆ ಸಿಕ್ಕಿಬಿದ್ದಿದ್ದಾರೆ. ಸಂಘದಲ್ಲಿ ಸುಸ್ತಿದಾರರು ಜಾಸ್ತಿಯಾಗಿದ್ದಾರೆ. ಆ ತಲೆನೋವು ಕಡಿಮೆ ಮಾಡೋರಿಗೆ ಅವರ ಬಜೆಟ್ಟಿನಲ್ಲಿ ದುಡ್ಡಿದೆ. ‘ಸ್ಫೂರ್ತಿ ತುಂಬಿ’ ಅನ್ನೋದಕ್ಕೂ ದುಡ್ಡಿದೆ, ಇಲ್ಲ ಅಂತಲ್ಲ. ಆದರೆ ಆ ಸಾಲಿನಲ್ಲಿ ಸ್ವಾಮಿಗಳು, ಸಿನಿಮಾದವರು, ಕ್ರಿಕೆಟ್ಟಿನವರು, ನಿವೃತ್ತ ಅಧಿಕಾರಿಗಳು ನಿಮಗಿಂತ ಮುಂದೆ ನಿಂತಿದ್ದಾರೆ. ವಂಚನೆಯ ಸಾಲಿನಲ್ಲಿ, ಅದೂ ಕನ್ನಡದಲ್ಲಿ, ಅದೂ ಕೌಂಟರಿನ ಈ ಕಡೆ 19 ವರ್ಷ ಕೂತು ನೋಡಿದವರು, ಅದೂ ನಗಿಸಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ? ನಿಮಗೆ ಬೇಜಾರಾಗಿರೋ ವಿಷಯವೇ ನಿಮ್ಮ ಬಂಡವಾಳ. ಅದನ್ನು ಕೈಬಿಟ್ಟು ಹೊಸ ವಿಷಯಕ್ಕೆ ಹೊರಳಬೇಡಿ.

ನಿಮ್ಮ ವಿಡಿಯೊ ನಾನೂ ನೋಡಿದೆ. ನಕಲಿ ಸಿಬಿಐ ಅಧಿಕಾರಿ ವಿಡಿಯೊ ಕಾಲ್‌ನಲ್ಲಿ ಗದರಿಸುತ್ತಾನೆ, ಹರಪನಹಳ್ಳಿಯ ಅಜ್ಜಿ ‘ಅರೆಸ್ಟ್ ಮಾಡಾಕ ಬರ್ತೀಯೇನಪ್ಪಾ? ಬರ್ತಾ ಒಂದು ಲೀಟರ್ ಹಾಲು ತಗಂಡು ಬಾ’ ಅನ್ನುತ್ತಾಳೆ. ಚೆನ್ನಾಗಿದೆ. ಆ ಅಜ್ಜಿ ನಗಿಸುವಷ್ಟರಲ್ಲೇ ಒಂದು ವಿಷಯ ತಲೆಗೆ ಹೋಗಿಬಿಡುತ್ತದೆ: ಫೋನಿನಲ್ಲಿ ಅರೆಸ್ಟ್ ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ಕೊನೆಗೆ ಸೈಬರ್ ವಂಚನೆ ದೂರಿನ 1930 ನಂಬರನ್ನು ಸಭೆಯ ಕೈಲಿ ಮೂರು ಸಲ ಹೇಳಿಸಿದಿರಿ. ಇದು ಕಸುಬು ಗೊತ್ತಿದ್ದವರ ಕೆಲಸ.

ಆದರೆ 4 ಲಕ್ಷ ವ್ಯೂಸ್ ಅಂದರೆ 4 ಲಕ್ಷ ಗಿರಾಕಿಗಳು ಅಂತ ತಿಳಿಯಬೇಡಿ. ಪುಕ್ಕಟೆ ನೋಡೋರು ಪುಕ್ಕಟೆ ನೋಡುತ್ತಾರೆ. ನನಗೆ ಗೊತ್ತಿರೋ ಒಬ್ಬರ ವಿಡಿಯೊ ನಿಮಗಿಂತ ಹತ್ತುಪಟ್ಟು ಓಡಿತು. ಅದರಿಂದ ಬಂದ ಫೋನ್‌ಗಳಲ್ಲಿ ಹೆಚ್ಚಿನವು ‘ನಮ್ಮೂರಿಗೂ ಬನ್ನಿ ಸಾರ್, ಊಟ ವಸತಿ ನಮ್ಮದು’ ಅನ್ನೋವು. ಇನ್ನೊಂದು ತೊಂದರೆಯೂ ಇದೆ. ವಿಡಿಯೊ ಓಡಿದ ಮೇಲೆ ಆ ಅಜ್ಜಿ ಊರೆಲ್ಲ ಪರಿಚಯವಾಗಿಬಿಟ್ಟಳು. ಮುಂದಿನ ಸಭೆಯಲ್ಲಿ ನೀವು ಅಧಿಕಾರಿಯ ದನಿ ತೆಗೆಯೋ ಮೊದಲೇ ಹಿಂದಿನ ಸಾಲಿನ ಹುಡುಗ ‘ಹಾಲು ತಗಂಡು ಬಾ’ ಅಂತ ಕೂಗುತ್ತಾನೆ. ಹಾಸ್ಯ ಸಂಜೆ ಮಾಡೋರನ್ನು ಕೇಳಿ, ಅವರ ದೊಡ್ಡ ಶತ್ರು ಯೂಟ್ಯೂಬು. ಮುಕ್ಕಾಲು ಗಂಟೆಯ ಸರಕು ಕಟ್ಟೋಕೆ ಎರಡು ವರ್ಷ ಬೇಕು. ಅದನ್ನು ಯಾರೋ ಮೊಬೈಲಿನಲ್ಲಿ ಪೂರ್ತಿ ಹಿಡಿದು ಹಾಕಿದರೆ ಒಂದೇ ವಾರದಲ್ಲಿ ಹಳಸುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನೋಡಿ. ವೇದಿಕೆ ಮೇಲೆ ಮಿಂಚೋರನ್ನು ಕಂಡು ‘ಅವರೆಲ್ಲ ಭಾಷಣದಿಂದಲೇ ಬದುಕಿದರು’ ಅಂದುಕೊಳ್ಳುತ್ತೇವೆ. ಪ್ರೊಫೆಸರ್ ಕೃಷ್ಣೇಗೌಡರು ಮೈಸೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಹನಿಗವನದ ಡುಂಡಿರಾಜರು ನಿಮ್ಮ ಹಾಗೇ ಬ್ಯಾಂಕ್ ಅಧಿಕಾರಿಯಾಗಿದ್ದವರು. ಹಿರೇಮಗಳೂರು ಕಣ್ಣನ್ ಅವರು ಕೋದಂಡರಾಮನ ಅರ್ಚಕರು. ಮಾತು ಅವರ ಕಸುಬಿನ ಜೊತೆಗೇ ಬೆಳೆಯಿತು. ನಮಗೆ ಕಾಣೋದು ಸಂಜೆಯ ವೇದಿಕೆ ಮಾತ್ರ, ಬೆಳಗಿನ ಹಾಜರಿ ಪುಸ್ತಕ ಕಾಣೋದಿಲ್ಲ.

ಸರ್ಟಿಫಿಕೇಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಕೆಲಸ ಬಿಟ್ಟ ಮರುದಿನವೇ ಫೋನ್ ಬರುತ್ತದೆ. ಲಕ್ಷಗಟ್ಟಲೆ ಕೊಟ್ಟರೆ ‘ಅಂತರರಾಷ್ಟ್ರೀಯ ಭಾಷಣಕಾರ’ ಪ್ರಮಾಣಪತ್ರ. ಇನ್ನಷ್ಟು ಕೊಟ್ಟರೆ ಗೌರವ ಡಾಕ್ಟರೇಟ್, ಗೌನು ಟೋಪಿ ಸಮೇತ. ಇಷ್ಟು ವರ್ಷದಲ್ಲಿ ನನ್ನನ್ನು ಕರೆದ ಒಬ್ಬರೂ ಸರ್ಟಿಫಿಕೇಟ್ ಕೇಳಿಲ್ಲ. ‘ಹಿಂದೆ ಎಲ್ಲಿ ಮಾಡಿದ್ರಿ, ಅಲ್ಲಿಯವರ ನಂಬರ್ ಕೊಡಿ’ ಅಂತ ಕೇಳಿದ್ದಾರೆ. ಅಭ್ಯಾಸ ಬೇಕಿದ್ದರೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗಿ. 1924ರಿಂದ ನಡೆಯುತ್ತಿರೋ ವ್ಯವಸ್ಥೆ, ಖರ್ಚು ಕಡಿಮೆ, ಸಮಯ ಮೀರಿದರೆ ಮುಲಾಜಿಲ್ಲದೆ ಹೇಳುತ್ತಾರೆ. ಕನ್ನಡ ಭಾಷಣಕಾರರಿಗೆ ಈ ಕೊನೆಯದು ತುಂಬ ಒಳ್ಳೆಯದು.

ಸಮಯ ಅಂದಾಗ ನೆನಪಾಯಿತು. 2009ರ ನವೆಂಬರ್. ಹಾಸನದ ಹತ್ತಿರ ಒಂದು ಸಂಘದ ರಾಜ್ಯೋತ್ಸವ. ನನ್ನ ಮಾತು ಸಂಜೆ 7ಕ್ಕೆ ಅಂತ ಆಮಂತ್ರಣ ಪತ್ರಿಕೆಯಲ್ಲಿತ್ತು. ಉದ್ಘಾಟಕರು ಬಂದಿದ್ದು 8 ಗಂಟೆಗೆ. ಸ್ವಾಗತ ಭಾಷಣದಲ್ಲಿ 23 ಜನರ ಹೆಸರು, 23 ಹಾರ. ಆಮೇಲೆ ಮಕ್ಕಳ ನೃತ್ಯ. ಮೈಕು ನನ್ನ ಕೈಗೆ ಬಂದಾಗ 9.50. ಪೆಂಡಾಲಿನ ಹಿಂದೆ ಬಿಸಿಬೇಳೆಬಾತಿನ ಒಗ್ಗರಣೆ ಬಿತ್ತು. ಆ ಘಮಕ್ಕೆ ಎದುರಾಗಿ ಯಾವ ಭಾಷಣಕಾರನೂ ಗೆದ್ದಿಲ್ಲ. ನೃತ್ಯ ಮಾಡಿದ ಮಕ್ಕಳ ತಾಯಂದಿರು ಮಕ್ಕಳನ್ನು ಕರಕೊಂಡು ಎದ್ದರು. ಅವರ ಹಿಂದೆ ಅರ್ಧ ಸಭೆ. ನಲವತ್ತು ನಿಮಿಷದ್ದನ್ನು ಹನ್ನೆರಡು ನಿಮಿಷಕ್ಕೆ ಮುಗಿಸಿದೆ. ಕಾರ್ಯದರ್ಶಿಗಳು ‘ಕವರ್ ನಾಳೆ ಕಳಿಸ್ತೀವಿ ಮೇಡಂ’ ಅಂದರು. ಆ ನಾಳೆ ಇನ್ನೂ ಬಂದಿಲ್ಲ. ಅವರದ್ದೂ ತಪ್ಪಿರಬಹುದು. ಆದರೆ ಅಡ್ವಾನ್ಸ್ ಕೇಳೋಕೆ ನಾಚಿಕೊಂಡವಳು ನಾನು.

ಸೀಸನ್ ಹೇಗಿರುತ್ತದೆ ಅನ್ನೋದನ್ನು ನೀವು 41 ಸಲ ನೋಡಿದ್ದೀರಿ. ಗಣೇಶನ ಹಬ್ಬದಿಂದ ಶುರು, ನವೆಂಬರ್ ತುಂಬಿ ತುಳುಕುತ್ತದೆ, ರಾಜ್ಯೋತ್ಸವ ಜನವರಿಯವರೆಗೂ ಎಳೆಯುತ್ತದೆ. ಫೆಬ್ರವರಿ, ಮಾರ್ಚ್ ಕಾಲೇಜು ಸಮಾರಂಭ. ಆಮೇಲೆ ಪರೀಕ್ಷೆ, ರಜೆ, ಮಳೆ, ಆಷಾಢ. ಚುನಾವಣೆ ನೀತಿ ಸಂಹಿತೆ ಬಂದರೆ ಸರ್ಕಾರದ ಅನುದಾನದ ಕಾರ್ಯಕ್ರಮಗಳೂ ನಿಂತವು. ವರ್ಷಕ್ಕೆ ಎಂಟು ತಿಂಗಳು ಕೆಲಸ ಅಂತ ಇಟ್ಟುಕೊಳ್ಳಿ. ನಿಮ್ಮ ಆರು ಸಂಭಾವನೆಗಳ ಸರಾಸರಿ 14,700ರ ಹತ್ತಿರ. ಈಗಿನ ಸಂಬಳದಷ್ಟು, ಅಂದರೆ ವರ್ಷಕ್ಕೆ 12 ಲಕ್ಷ ಬೇಕಾದರೆ 82 ದುಡ್ಡಿನ ಕಾರ್ಯಕ್ರಮ ಆಗಬೇಕು. ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹತ್ತು. ಒಂದು ಕಾರ್ಯಕ್ರಮ ಅಂದರೆ ಒಂದು ಗಂಟೆ ಅಲ್ಲ. ದಾವಣಗೆರೆಯಿಂದ ಕಲಬುರಗಿಗೋ ಮಂಗಳೂರಿಗೋ ಹೋಗಿ ಬರೋದು, ತಯಾರಿ, ಅವರ ಜೊತೆ ಹತ್ತು ಸಲ ಫೋನು. ಎರಡು ಮೂರು ದಿನ ಹೋಯಿತು. ತಿಂಗಳಲ್ಲಿ 30 ದಿನವೇ ಇರೋದು. ಬಸ್ಸು, ರೂಮಿನ ಖರ್ಚು, ಆರೋಗ್ಯ ವಿಮೆಯ ಕಂತನ್ನು ನಾನಿನ್ನೂ ಸೇರಿಸಿಲ್ಲ. ಈ ರೇಟಿನಲ್ಲಿ ಇದು ಆಗುವ ಲೆಕ್ಕವಲ್ಲ, ಬ್ಯಾಂಕಿನವರಾಗಿ ಇಂಥ ಸಾಲದ ಅರ್ಜಿಗೆ ನೀವೇ ಸಹಿ ಹಾಕುತ್ತಿರಲಿಲ್ಲ.

ಹಾಗಾದರೆ ಈ ಕಸುಬಿನಲ್ಲಿ ಬದುಕೋರು ಹೇಗೆ ಬದುಕುತ್ತಾರೆ? ಹೆಚ್ಚಿನವರು ಭಾಷಣದಿಂದ ಅಲ್ಲ, ಭಾಷಣದ ನಂತರ ಬರೋ ಕೆಲಸದಿಂದ. ಒಂದು ಗಂಟೆಯ ಮಾತು ಕೇಳಿದ ಕಂಪನಿ ‘ನಮ್ಮ ಕ್ಯಾಶ್ ಸೆಕ್ಷನ್ನಿನವರಿಗೆ ಒಂದು ದಿನ ಪೂರ್ತಿ ಹೇಳಿಕೊಡ್ತೀರಾ’ ಅನ್ನುತ್ತದೆ. ಅದೇ ಕಂಪನಿಯ ಬೇರೆ ನಾಲ್ಕು ಊರಿನ ಕಚೇರಿಗೂ ಅದೇ ಪಾಠ. ಒಮ್ಮೆ ತಯಾರಿ, ನಾಲ್ಕು ಸಲ ಫೀ, ಕೇಳುಗರು ಬೇರೆ ಬೇರೆಯಾದ್ದರಿಂದ ಅಜ್ಜಿಯೂ ಹಳಸೋದಿಲ್ಲ. ನನ್ನ ಆದಾಯದಲ್ಲಿ ವೇದಿಕೆ ಭಾಷಣದ ಪಾಲು ಯಾವತ್ತೂ ಕಾಲುಭಾಗ ದಾಟಿಲ್ಲ. ಉಳಿದದ್ದೆಲ್ಲ ಬೋರ್ಡು, ಮಾರ್ಕರ್, ಮಧ್ಯಾಹ್ನ ಊಟವಾದ ಮೇಲೆ ತೂಕಡಿಸೋ ಮೂವತ್ತು ಜನರ ಜೊತೆಗಿನ ಗುದ್ದಾಟ.

ಅದು ನಿಮಗೆ ಇಷ್ಟವಾಗುತ್ತದಾ? ಇದನ್ನು ಪತ್ತೆ ಮಾಡೋಕೆ ರಾಜೀನಾಮೆ ಬೇಕಿಲ್ಲ. ಬೇರೆ ಕಸುಬಿನವರಿಗೆ ಇಲ್ಲದ ದಾರಿ ನಿಮಗಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ, ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡೋ ರುಡ್‌ಸೆಟ್ ಶುರುಮಾಡಿದರು. ಅದೇ ಮಾದರಿಯಲ್ಲಿ ಆಮೇಲೆ ದೇಶದ ತುಂಬ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಅವುಗಳ ನಿರ್ದೇಶಕರಾಗಿ ಬ್ಯಾಂಕ್ ಅಧಿಕಾರಿಗಳನ್ನು ಡೆಪ್ಯುಟೇಷನ್ ಮೇಲೆ ಹಾಕುತ್ತಾರೆ. ನಿಮ್ಮ ಬ್ಯಾಂಕ್ ನಡೆಸೋ ಆರ್‌ಸೆಟಿಗೋ, ಬ್ಯಾಂಕಿನದೇ ಟ್ರೈನಿಂಗ್ ಕಾಲೇಜಿನ ಫ್ಯಾಕಲ್ಟಿ ಹುದ್ದೆಗೋ ಅರ್ಜಿ ಹಾಕಿ. ಬೆಳಗ್ಗೆ ಒಂಬತ್ತೂವರೆಗೆ ಹೊಲಿಗೆ ಕಲಿಯೋಕೆ ಬಂದ ಮೂವತ್ತು ಹೆಣ್ಣುಮಕ್ಕಳಿಗೆ ಖಾತೆ, ಸಾಲ, ಬಡ್ಡಿ ವಿವರಿಸಿ. ಮುಂದಿನ ವಾರ ಮೊಬೈಲ್ ರಿಪೇರಿ ಹುಡುಗರಿಗೆ ಅದೇ ಪಾಠ. ಅದರ ಮುಂದಿನ ವಾರ ಹೈನುಗಾರಿಕೆಯವರಿಗೆ ಮತ್ತೆ ಅದೇ. ಆರು ತಿಂಗಳಾದ ಮೇಲೂ ಬೆಳಗ್ಗೆ ಎದ್ದಾಗ ಹುಮ್ಮಸ್ಸು ಇದ್ದರೆ ನೀವು ಈ ಕಸುಬಿನವರು. ‘ಅಯ್ಯೋ ಮತ್ತೆ ಅದೇನಾ’ ಅನ್ನಿಸಿದರೆ, ನಿಮಗೆ ಬೇಕಿದ್ದದ್ದು ಚಪ್ಪಾಳೆ ಮತ್ತು ಟಾರ್ಗೆಟ್ಟಿನಿಂದ ಬಿಡುವು. ಎರಡೂ ಕೆಲಸದಲ್ಲಿದ್ದುಕೊಂಡೇ ಸಿಗುತ್ತವೆ. ಇದರಲ್ಲೂ ರಿಸ್ಕ್ ಇದೆ: ಕೇಳಿದ ಪೋಸ್ಟಿಂಗ್ ಸಿಗದೇ ಹೋಗಬಹುದು, ಸಿಕ್ಕರೂ ಬೇರೆ ಊರಾಗಬಹುದು, ಮಗಳ ಪಿಯುಸಿ ವರ್ಷ ಬೇರೆ. ಆದರೆ ಪಿಂಚಣಿಯ ಗಡಿಯಾರ ನಿಲ್ಲೋದಿಲ್ಲ.

ಈಗ ನಿಮಗೆ ಹಿತವಾಗದ ಮಾತು. ಸಂಭಾವನೆ ಮನೆಯವರ ಖಾತೆಗೆ ಹಾಕಿಸಿದ್ದು ತಪ್ಪು. ಇದನ್ನು ಮೊದಲು ಸರಿ ಮಾಡಿ. ಬ್ಯಾಂಕ್ ಅಧಿಕಾರಿಗಳ ನಡತೆ ನಿಯಮದಲ್ಲಿ ಸಾಹಿತ್ಯ, ಕಲೆ, ಶಿಕ್ಷಣದಂಥ ಅಪರೂಪದ ಕೆಲಸಕ್ಕೆ ಸ್ವಲ್ಪ ಸಡಿಲಿಕೆ ಇರುತ್ತದೆ. ಫೀ ತಗೊಳ್ಳೋದು ಬೇರೆ ವಿಷಯ, ಅದಕ್ಕೆ ಮೇಲಿನವರ ಅನುಮತಿ ಬೇಕು. ಹಣ ಹೆಂಡತಿ ಖಾತೆಗೆ ಹೋದರೂ ಮಾತಾಡಿದ್ದು ನೀವು, ಆದಾಯ ನಿಮ್ಮದೇ. ತೆರಿಗೆಯವರೂ ಹಾಗೇ ನೋಡುತ್ತಾರೆ, ಬ್ಯಾಂಕಿನ ಒಳಗಿನ ತಪ್ಪು ಹಿಡಿಯೋ ವಿಜಿಲೆನ್ಸ್‌ನವರೂ ಹಾಗೇ ನೋಡುತ್ತಾರೆ. ನಾಳೆ ಇದರ ಮೇಲೆ ಯಾರಾದರೂ ಅರ್ಜಿ ಬರೆದು ಇಲಾಖಾ ವಿಚಾರಣೆ ಶುರುವಾದರೆ ನಿಮ್ಮ ಸ್ವಯಂ ನಿವೃತ್ತಿಯೇ ನಿಂತುಬಿಡಬಹುದು. 88,000ಕ್ಕೆ ಪಿಂಚಣಿಯನ್ನು ಪಣಕ್ಕಿಡೋದಾ? ಆಡಿಟರ್ ಹತ್ತಿರ ಹೋಗಿ, ನಿಮ್ಮ ರಿಟರ್ನ್‌ನಲ್ಲಿ ತೋರಿಸಿ. ಇನ್ನು ಮುಂದೆ ಅನುಮತಿ ಪತ್ರ ಕೈಗೆ ಬರೋವರೆಗೆ ಸಂಭಾವನೆ ಬೇಡ, ಪ್ರಯಾಣ ವೆಚ್ಚ ಸಾಕು ಅನ್ನಿ. ಒಂದು ವರ್ಷದ ಮಾತು, ಕಳೆದುಹೋಗುತ್ತದೆ.

ಮನೆಯವರು ಬೇಡ ಅಂದಿದ್ದನ್ನು ನೀವು ಅಡ್ಡಿ ಅನ್ನೋ ಥರ ಬರೆದಿದ್ದೀರಿ. ಅವರ ಖಾತೆಗೇ ಹಣ ಹಾಕಿಸಿ ಅವರ ಮಾತು ಕೇಳದೇ ಇದ್ದರೆ ಹೇಗೆ? ಸುಮ್ನೆ ಕೂತು ಈ ಕಾಗದದ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಮಾಡಿ.

ನಿಮ್ಮ ವಿಷಯಕ್ಕೆ ಮಾತ್ರ ಅಂಟಿಕೊಂಡ ಇನ್ನೆರಡು ಅಪಾಯ ಹೇಳಿಬಿಡುತ್ತೇನೆ. ಉಳಿತಾಯದ ಬಗ್ಗೆ ಮಾತಾಡಿದ ಮೇಲೆ ಕೆಳಗಿಳಿದ ತಕ್ಷಣ ಹತ್ತು ಜನ ಸುತ್ತುವರಿದು ‘ಯಾವ ಫಂಡ್ ತಗೊಳ್ಳಲಿ, ಯಾವ ಶೇರ್ ತಗೊಳ್ಳಲಿ’ ಅಂತ ಕೇಳುತ್ತಾರೆ. ಹಣ ಪಡೆದು ಹೂಡಿಕೆ ಸಲಹೆ ಕೊಡೋಕೆ ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಣಿ ಬೇಕು, 2013ರಿಂದ ನಿಯಮವಿದೆ. ವೇದಿಕೆ ಮೇಲೂ ಕೆಳಗೂ ಹೆಸರು ಹೇಳಬೇಡಿ. ಎರಡನೆಯದು, ಗಿರಾಕಿಗಳ ಕತೆ. ಹರಪನಹಳ್ಳಿ ಅಜ್ಜಿ ಕಲ್ಪನೆಯಾಗಿದ್ದರೆ ಸರಿ. ನಿಜವಾದ ಖಾತೆದಾರರಾಗಿದ್ದರೆ ಊರು, ವಯಸ್ಸು, ಕಸುಬು ಎಲ್ಲ ಬದಲಿಸಿ. ಬ್ಯಾಂಕ್ ಸೇರುವಾಗ ಗೌಪ್ಯತೆಯ ಕಾಗದಕ್ಕೆ ನೀವು ಸಹಿ ಹಾಕಿದ್ದೀರಿ. ಬ್ಯಾಂಕ್ ಬಿಟ್ಟ ಮೇಲೂ ಆ ಸಹಿ ಅಳಿಸೋದಿಲ್ಲ.

ಇದಕ್ಕೆ ಅಂಟಿದ ಇನ್ನೊಂದು ಮಾತು. ‘ಬ್ಯಾಂಕ್ ಮ್ಯಾನೇಜರ್’ ಅನ್ನೋ ಪರಿಚಯಕ್ಕೆ ಬೆಲೆ ಇದೆ. ‘ಮಾಜಿ ಬ್ಯಾಂಕ್ ಮ್ಯಾನೇಜರ್’ ಅನ್ನೋದಕ್ಕೂ ಎರಡು ಮೂರು ವರ್ಷ ಇರುತ್ತದೆ. ವಂಚಕರು ಮಾತ್ರ ಪ್ರತಿ ಆರು ತಿಂಗಳಿಗೆ ಹೊಸ ನಾಟಕ ಕಟ್ಟುತ್ತಾರೆ. ಕೌಂಟರ್ ಬಿಟ್ಟ ಮೇಲೆ ಹೊಸ ಕತೆಗಳು ತಾವಾಗೇ ನಿಮ್ಮ ಟೇಬಲ್ಲಿಗೆ ಬರೋದಿಲ್ಲ. ಹಳೇ ಸಹೋದ್ಯೋಗಿಗಳು, ಸೈಬರ್ ಠಾಣೆಯವರು, ವಕೀಲರ ಜೊತೆ ಒಡನಾಟ ಇಟ್ಟುಕೊಳ್ಳದಿದ್ದರೆ ನಾಲ್ಕನೇ ವರ್ಷ ಹಳೇ ಒಟಿಪಿ ಕತೆಯನ್ನೇ ಹೇಳುತ್ತಾ ನಿಲ್ಲುತ್ತೀರಿ.

ಹೊರಗೆ ಬಂದ ಮೇಲಿನ ಕಾಗದ ಪತ್ರ ಕಷ್ಟವೇನಲ್ಲ. ಒಂದೇ ಸಂಸ್ಥೆ ವರ್ಷಕ್ಕೆ 50,000ಕ್ಕಿಂತ ಜಾಸ್ತಿ ಕೊಟ್ಟರೆ ಸಾಮಾನ್ಯವಾಗಿ 10% ಟಿಡಿಎಸ್ (ಮೊದಲೇ ಕಡಿತವಾಗೋ ತೆರಿಗೆ) ಹಿಡಿಯುತ್ತಾರೆ. ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ದಾಟಿದರೆ 18%. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿ ಉಚಿತ, ಮಾಡಿಸಿ. ಅದಿದ್ದರೆ ಬರಹದ ಒಪ್ಪಂದ ಮಾಡಿಕೊಂಡ ಕಂಪನಿ 45 ದಿನದೊಳಗೆ ಹಣ ಕೊಡಬೇಕು. ‘ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ’ ಅನ್ನೋರಿಗೆ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಕಂಡರೆ ಸ್ವಲ್ಪ ಚುರುಕು ಬರುತ್ತದೆ. ಬಜೆಟ್ ಇರೋ ದಿನಗಳನ್ನು ಗುರುತು ಹಾಕಿಕೊಳ್ಳಿ: ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಪ್ತಾಹ, ಮಾರ್ಚ್ 8ರ ಮಹಿಳಾ ದಿನ, ಅಕ್ಟೋಬರ್ ಪೂರ್ತಿ ಸೈಬರ್ ಜಾಗೃತಿ ಮಾಸ, ಅದರ ಕೊನೆಗೆ ವಿಜಿಲೆನ್ಸ್ ಸಪ್ತಾಹ. ಗಣೇಶೋತ್ಸವಕ್ಕಿಂತ ಇವು ನಿಮ್ಮ ಹಬ್ಬ.

ಫೀ ಎಷ್ಟು ಅನ್ನೋದು. ಊರಿನ ಸಂಘಕ್ಕೆ, ಕಾಲೇಜಿಗೆ, ಕಂಪನಿಗೆ ಮೂರು ರೇಟ್ ಇಟ್ಟುಕೊಳ್ಳಿ, ನಾಚಿಕೆ ಬೇಡ. ಕಂಪನಿಯಿಂದ ಈಗಾಗಲೇ 25,000 ಸಿಕ್ಕಿದೆ, ಅದರ ಕೆಳಗೆ ಇಳಿಯಬೇಡಿ. ಸರ್ಕಾರಿ ಶಾಲೆಗೆ ಪುಕ್ಕಟೆ ಹೋಗಬೇಕು ಅನ್ನಿಸಿದರೆ ಪೂರ್ತಿ ಪುಕ್ಕಟೆ ಹೋಗಿ, ಅರ್ಧ ರೇಟ್ ಬೇಡ. ಅರ್ಧ ರೇಟ್ ಊರೆಲ್ಲ ಹರಡುತ್ತದೆ. ಅರ್ಧ ಹಣ ಮುಂಗಡ. ಪ್ರಯಾಣ, ರೂಮು ಬೇರೆ. ಎಷ್ಟು ದಿನ ಮೊದಲು ರದ್ದು ಮಾಡಿದರೆ ಮುಂಗಡ ವಾಪಸ್, ರೆಕಾರ್ಡಿಂಗ್ ಯಾರು ಹಾಕಬಹುದು, ಎಷ್ಟು ನಿಮಿಷ ಹಾಕಬಹುದು. ಇಷ್ಟನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬರೆದು ಅವರಿಂದ ‘ಒಪ್ಪಿಗೆ’ ಅಂತ ಉತ್ತರ ತರಿಸಿಕೊಂಡರೂ ನಡೆಯುತ್ತದೆ.

ರಾಣೆಬೆನ್ನೂರಿನವರಿಗೆ ಈ ಸಲ ಹೀಗೆ ಹೇಳಿ: ‘ನಾನಿನ್ನೂ ಸರ್ವಿಸಿನಲ್ಲಿದ್ದೀನಿ ಸಾರ್, ಸಂಭಾವನೆ ತಗೊಳ್ಳೋ ಹಾಗಿಲ್ಲ. ಗಾಡಿ ಖರ್ಚು ನೋಡಿಕೊಳ್ಳಿ. ಬದಲಿಗೆ ಎರಡು ಕೆಲಸ ಮಾಡಿ ಕೊಡಿ. ಹೇಗಿತ್ತು ಅಂತ ನಿಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಡಿ, ಮತ್ತೆ ಊಟಕ್ಕಿಂತ ಮೊದಲು ಮೈಕು ಕೊಡಿ.’ ಹೊರಡೋ ದಿನ ಬೆಳಗ್ಗೆ ಮತ್ತೊಮ್ಮೆ ಫೋನ್ ಮಾಡಿ ಉದ್ಘಾಟಕರು ಯಾರು, ಎಷ್ಟು ಗಂಟೆಗೆ ಬರ್ತಾರೆ ಅಂತ ಕೇಳಿಕೊಳ್ಳಿ. ಆ ಅಜ್ಜಿಯನ್ನು ಈ ಸಲ ಮನೇಲಿ ಬಿಟ್ಟು ಹೋಗಿ. ಲೋನ್ ಆ್ಯಪ್ ಮೇಲೆ ಹೊಸದೊಂದು ಕಟ್ಟಿ, ಅಲ್ಲೇ ಮೊದಲ ಸಲ ಹೇಳಿ ನೋಡಿ. ನಗು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಅಂತ ವಾಪಸ್ ಬರೋ ಬಸ್ಸಿನಲ್ಲೇ ಬರೆದಿಟ್ಟುಕೊಳ್ಳಿ, ದಾವಣಗೆರೆ ಸ್ಟ್ಯಾಂಡ್ ಬರೋ ಅಷ್ಟರಲ್ಲಿ ಮರೆತುಹೋಗುತ್ತದೆ.